ಹಳೇ ಕಾಲ್ ಮಷಿನ್ ಮೇಲೆ ಕೌದಿ ಹೊಲಿಯೋದು: ನನ್ನ ಅನುಭವ

ಕ್ವಿಲ್ಟಿಂಗ್ (ಪದರ ಪದರ ಅರಿವೆ ಸೇರಿಸಿ ಕೌದಿ ಥರ ಹೊಲಿಯೋದು) ಮಾಡ್ಬೇಕು ಅಂದ್ರೆ ದುಬಾರಿ ಕಂಪ್ಯೂಟರ್ ಮಷಿನ್ನೇ ಬೇಕು ಅಂದ್ಕೊಂಡು ಎಷ್ಟೋ ಜನ ಆಸೆ ಇದ್ರೂ ಸುಮ್ನೆ ಕೂತ್ಬಿಡ್ತಾರೆ, ಅಂಥವರಿಗೋಸ್ಕರ ಇದನ್ನ ಬರೀತಿದೀನಿ. ನಾನು ಹೊಲಿಯೋದು ನಮ್ಮ ಅತ್ತಿಯವರ ಸಿಂಗರ್ ಮೇಲೆ. ಕಾಲಲ್ಲಿ ತುಳಿಯೋದು, ಕಪ್ಪು ಬಣ್ಣದ್ದು, 15ಕೆ ಮಾಡೆಲ್ಲು, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಮಾಡಿದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿಹೋಯ್ತು, ಮಷಿನ್ ಮಾತ್ರ ಪುಣೆ ಕೋಥ್ರೂಡ್‌ನ ನಮ್ಮ ಹಾಲ್‌ನಲ್ಲಿ ದಿನಾ ಓಡ್ತಿದೆ. ಇದಕ್ಕೆ ಗೊತ್ತಿರೋದು ನೇರ ಹೊಲಿಗೆ ಒಂದೇ, ಕೌದಿಗೆ ಬೇಕಾಗಿರೋದೂ ಅದೊಂದೇ.

ಜಿಗ್‌ಜ್ಯಾಗ್ ಮಷಿನ್‌ಗಳಲ್ಲಿ ಸೂಜಿ ಇಳಿಯೋ ಪ್ಲೇಟಿನ ತೂತು ಅಗಲ ಇರುತ್ತೆ, ಯಾಕಂದ್ರೆ ಸೂಜಿ ಆ ಕಡೆ ಈ ಕಡೆ ಹೋಗ್ಬೇಕಲ್ಲ. ಹಳೇ ಮಷಿನ್‌ನಲ್ಲಿ ಸಣ್ಣ ಒಂದೇ ತೂತು, ಹಾಗಾಗಿ ಅರಿವೆ ಕೆಳಗೆ ಕುಸಿಯೋದಿಲ್ಲ, ಹೊಲಿಗೆ ಗೆರೆ ಎಳೆದಂಗೆ ಬರುತ್ತೆ. ಅದೂ ಅಲ್ದೆ ಇದು ಬೀಡು ಕಬ್ಬಿಣ, ದಪ್ಪ ಅರಿವೆ ಎಳೆದ್ರೂ ಅಲುಗಾಡಲ್ಲ. ಸಾಮಾನು ಸಿಗುತ್ತೋ ಇಲ್ವೋ ಅನ್ನೋ ಚಿಂತೆನೂ ಬೇಡ, ನಮ್ಮ ದೇಶದಲ್ಲಿ ಮನೆಮನೆಯಲ್ಲಿರೋ ಕಪ್ಪು ಮಷಿನ್‌ಗಳು ಬಹುಪಾಲು ಇದೇ 15ರ ಅಚ್ಚಿನವು, ಕೆಳಗಿನ ದಾರ ಸುತ್ತೋ ಬಾಬಿನ್ನು, ಅದು ಕೂರೋ ಬಾಬಿನ್ ಕೇಸು, ಮೇಲಿನ ದಾರವನ್ನ ಅದರ ಸುತ್ತ ಒಯ್ಯೋ ಶಟಲ್ಲು ಎಲ್ಲಾ ರವಿವಾರ ಪೇಠೆಯಲ್ಲಿ ಸಿಗ್ತಾವೆ.

ಮೊದಲು ಮಷಿನ್ ಸರಿ ಮಾಡ್ಕೊಳ್ಳಿ, ಆಮೇಲೆ ಕೌದಿ. ವರ್ಷಗಟ್ಟಲೆ ನಿಂತ ಮಷಿನ್‌ನಲ್ಲಿ ಹಳೇ ಎಣ್ಣೆ ಅಂಟಾಗಿ ಕೂತಿರುತ್ತೆ, ಪೆಡಲ್ ಭಾರ ಅನ್ಸೋದು ಅದಕ್ಕೇ. ರಿಪೇರಿ ಮಾಡೋ ಕಾಕಾ ತೋರಿಸಿಕೊಟ್ಟ ಹಾಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು, ಚಕ್ರ ತಿರುಗಿಸ್ತಾ ಇದ್ದು, ಕಪ್ಪು ಕೊಳೆ ಎಲ್ಲಾ ಒರೆಸಿ ತೆಗೆದು ಆಮೇಲೆ ಹೊಲಿಗೆ ಮಷಿನ್ ಎಣ್ಣೆ ಹಾಕಿದೆ. ಅಡುಗೆ ಎಣ್ಣೆ, ತೆಂಗಿನೆಣ್ಣೆ ಬೇಡವೇ ಬೇಡ, ಅದು ಇನ್ನೂ ಗಟ್ಟಿ ಅಂಟಾಗುತ್ತೆ. ಶಟಲ್ ಕೂರೋ ಜಾಗದಲ್ಲಿ ಹತ್ತಿಯ ಜುಂಜು ಸೇರ್ಕೊಂಡಿರುತ್ತೆ, ಕೌದಿ ಹೊಲಿಯೋವಾಗಂತೂ ಬಹಳ, ಬಾಬಿನ್ ಬದಲಿಸೋವಾಗೆಲ್ಲ ಒಂದು ಬ್ರಶ್ ಆಡಿಸಿಬಿಡಿ. ಚರ್ಮದ ಬೆಲ್ಟ್ ಸಡಿಲ ಆಗಿದ್ರೆ ಸ್ವಲ್ಪ ಕತ್ತರಿಸಿ ಮತ್ತೆ ಕೊಂಡಿ ಹಾಕ್ಬೇಕು, ಇಲ್ಲಾಂದ್ರೆ ದಪ್ಪ ಬಂದ ಕೂಡ್ಲೇ ಚಕ್ರ ನಿಂತು ಕಾಲು ಮಾತ್ರ ಆಡುತ್ತೆ. ಸೂಜಿ ಹೊಸದು, 16ನೇ ನಂಬರ್. ತೆಳು ಅರಿವೆ ಆದ್ರೆ 14 ಸಾಕು.

ಇನ್ನು ಮುಖ್ಯ ಮಾತು. ನಮ್ಮ ಕಡೆ ಕೌದಿ ಕೈಯಲ್ಲಿ ಹೊಲಿಯೋರನ್ನ ನೋಡಿ ಬೆಳೆದೋರು ಮಷಿನ್ ಮೇಲೂ ಅದೇ ಥರ ಅಂಚಿಂದ ಶುರು ಮಾಡೋಣ ಅಂತೀವಿ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕವಂದಿ (ಅವರ ಕೌದಿ) ನೋಡಿ, ಮೂಲೆಯಿಂದ ಹಿಡಿದು ಸುತ್ತು ಹಾಕ್ತಾ ಹಾಕ್ತಾ ನಡುಮಧ್ಯಕ್ಕೆ ಬಂದು ಮುಗಿಸ್ತಾರೆ, ಎಷ್ಟು ಚಂದ ಕೂತಿರುತ್ತೆ. ಅದು ಕೈಯ ಗುಣ. ಸೂಜಿ ಎಲ್ಲಾ ಪದರನ್ನೂ ಒಟ್ಟಿಗೆ ಎತ್ತುತ್ತೆ, ಯಾವುದನ್ನೂ ತಳ್ಳಲ್ಲ, ಹೊಲಿಯೋರು ಹೋಗ್ತಾ ಹೋಗ್ತಾ ಅಂಗೈಯಲ್ಲಿ ಸವರಿ ತುಂಡುಗಳನ್ನ ಕೂರಿಸ್ತಾ ಇರ್ತಾರೆ. ಮಷಿನ್‌ನಲ್ಲಿ ಕೆಳಗಿನ ಹಲ್ಲು ಕೆಳಗಿನ ಪದರನ್ನ ಹಿಂದಕ್ಕೆ ಒಯ್ಯುತ್ತೆ, ಅರಿವೆಯನ್ನ ಮೇಲಿಂದ ಒತ್ತಿ ಹಿಡಿಯೋ ಪ್ರೆಶರ್ ಫುಟ್ಟು ಮೇಲಿನ ಪದರನ್ನ ಅಲ್ಲೇ ಹಿಡಿದು ನಿಲ್ಲಿಸುತ್ತೆ. ಒಂದೊಂದು ಹೊಲಿಗೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದ್ರೂ ಒಂದು ಮಾರು ಹೋಗೋದ್ರೊಳಗೆ ಮೇಲಿನ ಅರಿವೆ ಮುಂದೆ ಗುಪ್ಪೆ ಆಗುತ್ತೆ. ಅಂಚಿಂದ ಒಳಗೆ ಹೊಲಿದ್ರೆ ಆ ಗುಪ್ಪೆಗೆ ಹೋಗೋಕೆ ದಾರಿ ಇಲ್ಲ, ನಡುವೆ ಬಂದು ನೆರಿಗೆ ಆಗಿ ಕೂರುತ್ತೆ. ಅದಕ್ಕೇ ಮಷಿನ್ ಕೌದಿ ನಡುವಿಂದ ಹೊರಗೆ. ಮೊದಲು ಮಧ್ಯದಲ್ಲಿ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ, ಅಷ್ಟು ಹೊಲಿದು ಹಿಡಿತ ಸಿಕ್ಕ ಮೇಲೆ ಬಲಗಡೆ ಒಂದು, ಎಡಗಡೆ ಒಂದು ಅಂತ ಅಂಚಿನ ಕಡೆ ಹೋಗ್ಬೇಕು. ಒಂದು ಗೆರೆ ಮೇಲಿಂದ ಕೆಳಗೆ, ಪಕ್ಕದ್ದು ಕೆಳಗಿಂದ ಮೇಲೆ ಹೊಲಿದ್ರೆ ನಡುವಿನ ಅರಿವೆ ಸೊಟ್ಟಗೆ ತಿರುಚ್ಕೊಳ್ಳುತ್ತೆ, ಹಾಗಾಗಿ ಎಲ್ಲಾ ಗೆರೆ ಒಂದೇ ಕಡೆಯಿಂದ ಶುರು ಮಾಡಿ. ಪ್ರತಿ ಸಲ ದಾರ ಕತ್ತರಿಸಿ ವಾಪಸ್ ಬರೋದು ಬೇಜಾರಿನ ಕೆಲಸವೇ, ಆದ್ರೂ ಮಾಡ್ಲೇಬೇಕು.

ಜಾರೋದನ್ನ ತಡೆಯೋಕೆ ಇನ್ನೂ ಮೂರು ಉಪಾಯ ಇವೆ, ನಾನು ಮೂರನ್ನೂ ಮಾಡ್ತೀನಿ. ಕೆಳಗಿನ ಅರಿವೆಯನ್ನ ನೆಲದ ಮೇಲೆ ಹರವಿ ನಾಲ್ಕೂ ಕಡೆ ಟೇಪ್ ಅಂಟಿಸಿ, ಅದರ ಮೇಲೆ ನಡುವಿನ ಪದರ, ಮೇಲಿಂದು, ಆಮೇಲೆ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್. ಪಿನ್ ಸಾಲದಿದ್ರೆ ಉದ್ದುದ್ದ ಕಚ್ಚಾ ಹೊಲಿಗೆ, ಇದನ್ನ ಅತ್ತಿ ಕೂತು ಹಾಕ್ತಾರೆ, ಅವರ ಕೈ ಅಂದ್ರೆ ಕೈ. ಎರಡನೇದು, ಪ್ರೆಶರ್ ಫುಟ್ ಮೇಲಿರೋ ಒತ್ತಡದ ಸ್ಕ್ರೂ, ಮಷಿನ್ ತಲೆ ಮೇಲೇ ಇರುತ್ತೆ ಆದ್ರೆ ಯಾರೂ ಮುಟ್ಟೋದೇ ಇಲ್ಲ, ಅದನ್ನ ಸ್ವಲ್ಪ ಸಡಿಲ ಮಾಡಿದ್ರೆ ದಪ್ಪ ಪದರ ಆರಾಮಾಗಿ ಸಾಗುತ್ತೆ. ಮೂರನೇದು ವಾಕಿಂಗ್ ಫುಟ್, ಇದ್ರಲ್ಲಿ ಮೇಲೂ ಹಲ್ಲಿರುತ್ತೆ, ಮೇಲಿನ ಪದರನ್ನೂ ಕೆಳಗಿನದ್ರ ಜೊತೆಗೇ ನಡೆಸುತ್ತೆ. ಲೋ ಶ್ಯಾಂಕ್ ಮಷಿನ್‌ಗೆ (ಫುಟ್ ಸಿಗಿಸೋ ಕಡ್ಡಿ ಗಿಡ್ಡ ಇರೋದು) ಆಗೋ ವಾಕಿಂಗ್ ಫುಟ್ ಅಂತ ಕೇಳಿ ತಗೊಂಡ್ರೆ ಈ ಹಳೇ ಮಷಿನ್‌ಗೂ ಕೂರುತ್ತೆ, ಅದರ ಪಕ್ಕದ ಕೊಂಡಿ ಸೂಜಿ ಹಿಡಿಯೋ ಸ್ಕ್ರೂ ಮೇಲೆ ಕೂತಿದೆಯಾ ನೋಡ್ಕೊಳ್ಳಿ. ಹೊಲಿಗೆ ಇಂಚಿಗೆ 8ರಿಂದ 10 ಬರೋ ಹಾಗೆ ಇಟ್ಕೊಳ್ಳಿ, ರವಿಕೆ ಹೊಲಿಯೋ ಅಷ್ಟು ಸಣ್ಣ ಬೇಡ.

ಹೂವು, ಬಳ್ಳಿ ಅಂತ ಬೇಕಾದ ಹಾಗೆ ತಿರುಗಿಸಿ ಹೊಲಿಯೋ ಫ್ರೀ ಮೋಷನ್ನು ಕಾಲ್ ಮಷಿನ್ ಮೇಲೆ ಆಗಲ್ಲ ಅಂತ ಹೇಳೋರಿದ್ದಾರೆ. ಚೆನ್ನಾಗಿ ಆಗುತ್ತೆ! ನನ್ನ ಕೇಳಿದ್ರೆ ಕರೆಂಟ್ ಮೋಟರ್‌ಗಿಂತ ಇದೇ ಒಳ್ಳೇದು, ವೇಗ ಪೂರ್ತಿ ನಮ್ಮ ಕಾಲಲ್ಲೇ ಇರುತ್ತಲ್ಲ. ಕೆಲವು 15ರ ಮಷಿನ್‌ಗಳಲ್ಲಿ ಹಲ್ಲು ಕೆಳಗಿಳಿಸೋ ಸ್ಕ್ರೂ ಇರುತ್ತೆ, ನಮ್ಮದ್ರಲ್ಲಿ ಇಲ್ಲ. ಹಾಗಿದ್ರೆ ಹೊಲಿಗೆ ಉದ್ದ ಸೊನ್ನೆಗೆ ತಂದ್ಬಿಡಿ, ಹಲ್ಲು ಬರೀ ಮೇಲೆ ಕೆಳಗೆ ಆಡುತ್ತೆ, ಅರಿವೆ ಎಳೆಯಲ್ಲ. ಹಲ್ಲಿನ ಮೇಲೆ ಪ್ಲಾಸ್ಟಿಕ್ ಕಾರ್ಡ್ ಅಂಟಿಸ್ತಾರೆ ಕೆಲವರು, ಮೊದಲೇ ದಪ್ಪ ಇರೋ ಕೌದಿಗೆ ಇರೋ ಜಾಗನೂ ಕಮ್ಮಿ ಆಗುತ್ತೆ ಅಂತ ನನಗೆ ಅದು ಇಷ್ಟ ಇಲ್ಲ. ಸ್ಪ್ರಿಂಗ್ ಇರೋ ರಫೂ ಫುಟ್ ಹಾಕಿ. ಅದು ಅರಿವೆಗೆ ತಾಗದೇ ಮೇಲೆ ನಿಂತಿರೋ ಹಾಗೆ ಕಂಡ್ರೂ ಹಿಂದಿನ ಹಿಡಿಕೆಯನ್ನ ಕೆಳಗೆ ಇಳಿಸ್ಲೇಬೇಕು, ಇಳಿಸದಿದ್ರೆ ದಾರ ಬಿಗಿ ಮಾಡೋ ಟೆನ್ಷನ್ ಬಿಲ್ಲೆಗಳು ದಾರ ಹಿಡಿಯಲ್ಲ, ಕೆಳಗಡೆ ಗೂಡು ಕಟ್ಟುತ್ತೆ. ಶುರು ಮಾಡೋ ಮುಂಚೆ ಬಾಬಿನ್ ದಾರ ಮೇಲೆ ಎಳ್ಕೊಂಡು ಎರಡೂ ದಾರ ಹಿಡ್ಕೊಳ್ಳಿ. ಚಕ್ರ ಯಾವಾಗ್ಲೂ ನಮ್ಮ ಕಡೆಗೇ ತಿರುಗ್ಬೇಕು, ಉಲ್ಟಾ ಹೋದ್ರೆ ದಾರ ತುಂಡು.

ಕಾಲು ಒಂದೇ ಸಮ, ಕೈ ನಿಧಾನ, ಇದೇ ಅದರ ಲಯ. ಮೊದಲು ಸೂಜಿಗೆ ದಾರ ಹಾಕದೇ ಹಳೇ ಪೇಪರ್ ಮೇಲೆ ಸುಮ್ನೆ ಸುತ್ತು ಸುತ್ತು ಹೊಲೀತಾ ಕೂತೆ, ತೂತಿನ ಅಂತರ ಸಮ ಬರೋವರೆಗೂ. ಅತ್ತಿ ನೋಡ್ತಾ ಕೂತೋರು, "ಸೂಜಿ ಮ್ಯಾಗ ಕಣ್ಣಿಡಬ್ಯಾಡವಾ, ಮುಂದ ಎಲ್ಲಿ ಹೋಗಬೇಕೋ ಅಲ್ಲಿಡು" ಅಂದ್ರು. ಅವರು ಕ್ವಿಲ್ಟಿಂಗ್ ಅನ್ನೋ ಮಾತೇ ಕೇಳಿದೋರಲ್ಲ, ಆದ್ರೆ ಇಷ್ಟು ಉಪಯೋಗದ ಸಲಹೆ ನನಗೆ ಬೇರೆಲ್ಲೂ ಸಿಗಲಿಲ್ಲ. ಕೈ ಜಾರದೇ ಇರೋಕೆ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಚುಕ್ಕಿ ಇರೋ ಗ್ಲೌಸ್ ಹಾಕ್ತೀನಿ.

ಟೆನ್ಷನ್ ಬಗ್ಗೆ ಬಹಳ ಜನ ಹೆದರ್ತಾರೆ. ಕೆಳಗಡೆ ಕುಣಿಕೆ ಕಾಣ್ತಿದ್ರೆ ತೊಂದರೆ ಮೇಲಿನ ದಾರದ್ದು, ಫುಟ್ ಎತ್ತಿ ದಾರ ಪೂರ್ತಿ ತೆಗೆದು ಬಿಲ್ಲೆಗಳ ನಡುವೆ ಸರಿಯಾಗಿ ಕೂರೋ ಹಾಗೆ ಮತ್ತೆ ಹಾಕಿ, ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತೆ. ಬಾಬಿನ್ ದಾರ ಮೇಲೆ ಚುಕ್ಕಿ ಚುಕ್ಕಿ ಕಾಣ್ತಿದ್ರೆ ಮೇಲಿನ ಟೆನ್ಷನ್ ಸ್ವಲ್ಪ ಸಡಿಲ ಮಾಡಿ. ಕೌದಿಯದ್ದೇ ಮೂರೂ ಪದರ ಇರೋ ಒಂದು ತುಂಡು ಪಕ್ಕದಲ್ಲಿಟ್ಕೊಂಡು ಅದ್ರ ಮೇಲೆ ನೋಡಿ, ಒಂಟಿ ಅರಿವೆ ಮೇಲೆ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ.

ಒಳಗೆ ಏನು ತುಂಬಬೇಕು ಅನ್ನೋದಕ್ಕೆ ನನ್ನ ಆಯ್ಕೆ ಹಳೇ ಕಾಟನ್ ಸೀರೆ, ಎರಡು ಪದರ. ಪಾಲಿಯೆಸ್ಟರ್ ಬ್ಯಾಟಿಂಗ್ (ಒಳಗೆ ತುಂಬೋ ಹತ್ತಿಯಂಥ ಹಾಸು) ಹಗುರ, ಪುಣೆ ಮಳೆಗಾಲದಲ್ಲಿ ಬೇಗ ಒಣಗುತ್ತೆ, ನಿಜ, ಆದ್ರೆ ಉಬ್ಬಿರೋದ್ರಿಂದ ಸೂಜಿ ಕೆಳಗೆ ಹೆಚ್ಚು ಜಾರುತ್ತೆ, ಹೊಸದಾಗಿ ಕಲಿಯೋರಿಗೆ ಸೀರೆಯೇ ವಾಸಿ. ಹೊಸ ಅರಿವೆ ಸೇರಿಸ್ತಿದ್ರೆ ಮೊದಲು ಒಗೆದು ಕುಗ್ಗಿಸಿ, ಬಣ್ಣ ಬಿಡೋದೆಲ್ಲ ಬಿಟ್ಬಿಡ್ಲಿ.

ಸೂಜಿಯಿಂದ ಕಂಬದವರೆಗೆ ಜಾಗ ಒಂದು ಗೇಣಿಗಿಂತ ಹೆಚ್ಚಿರಲ್ಲ, ಡಬಲ್ ಬೆಡ್ ಕೌದಿ ಸುತ್ತಿ ಅದ್ರಲ್ಲಿ ತೂರಿಸೋದು ಕುಸ್ತಿ. ನಾನು ದೊಡ್ಡದನ್ನ ಮೂರು ಉದ್ದ ಪಟ್ಟಿ ಮಾಡಿ ಬೇರೆ ಬೇರೆ ಹೊಲಿದು ಆಮೇಲೆ ಜೋಡಿಸ್ತೀನಿ. ಜೋಡಿಸೋ ಕಡೆ ಅಂಚಿಂದ ಎರಡು ಇಂಚು ಹೊಲಿಗೆ ಬಿಟ್ಟಿರ್ಬೇಕು, ಮೇಲಿನ ಅರಿವೆ ಮಷಿನ್‌ನಲ್ಲಿ ಸೇರಿಸಿ, ಒಳಗಿನ ಪದರ ಒಂದರ ಪಕ್ಕ ಒಂದು ತಾಗೋ ಹಾಗೆ ಕತ್ತರಿಸಿ, ಹಿಂದಿನ ಅರಿವೆ ಮಡಚಿ ಕೈಯಲ್ಲಿ ಹೊಲೀಬೇಕು. ಆ ಬಿಟ್ಟ ಜಾಗದ ಗೆರೆಗಳನ್ನ ಕೊನೆಗೆ ತುಂಬೋದು, ಆಗ ಕಂಬದ ಕಡೆ ಒಂದು ಪಟ್ಟಿಯಷ್ಟು ಮಾತ್ರ ಸುತ್ತಿ ತೂರಿಸಿದ್ರೆ ಸಾಕು.

ಅಂಚು ಕಟ್ಟೋಕೆ ಎರಡೂವರೆ ಇಂಚಿನ ಪಟ್ಟಿ ಉದ್ದಕ್ಕೆ ಮಡಚಿ, ಕಾಲು ಇಂಚು ಬಿಟ್ಟು ಮುಂದಿನಿಂದ ಮಷಿನ್ ಹೊಲಿಗೆ, ಹಿಂದೆ ತಿರುಗಿಸಿ ಕೈ ಹೊಲಿಗೆ. ಇಲ್ಲಿ ಐದಾರು ಪದರ ಸೇರಿರುತ್ತಲ್ಲ, ಅದಕ್ಕೆ ಮೂಲೆ ಬಂದಾಗ ಪೆಡಲ್ ಬಿಟ್ಟು ಚಕ್ರ ಕೈಯಲ್ಲೇ ತಿರುಗಿಸಿ, ಸೂಜಿ ಮುರಿಯೋದು ತಪ್ಪುತ್ತೆ.