ಬರೆದದ್ದು ಫೈಲಿಗೆ ಸೇರಿತೇ? ಸಿ ಭಾಷೆಯಲ್ಲಿ ಬಫರ್ ಖಾಲಿ ಮಾಡುವ ಕ್ರಮ

ಪ್ರೋಗ್ರಾಂ ಓಡುತ್ತಿದೆ. ನಿಮಿಷಕ್ಕೊಂದು ಸಾಲಿನಂತೆ ಎಫ್‌ಪ್ರಿಂಟ್‌ಎಫ್ ಫಂಕ್ಷನ್ ಲಾಗ್ ಫೈಲಿಗೆ ಬರೆಯುತ್ತಿದೆ. ಆದರೆ ಇನ್ನೊಂದು ಟರ್ಮಿನಲ್‌ನಿಂದ ನೋಡಿದರೆ ಫೈಲಿನ ಗಾತ್ರ ಸೊನ್ನೆ. ಬಹಳ ಹೊತ್ತಿನ ಮೇಲೆ ಒಮ್ಮೆಲೇ 4096 ಬೈಟ್ ಬಂದು ಬೀಳುತ್ತದೆ, ಅದೂ ಕೊನೆಯ ಸಾಲು ನಡುವೆಯೇ ತುಂಡಾಗಿ. ಈ ನಡುವೆ ಪ್ರೋಗ್ರಾಂ ಸತ್ತರೆ, ಏಕೆ ಸತ್ತಿತು ಎಂದು ಹೇಳಬೇಕಾದ ಸಾಲುಗಳೇ ಇರುವುದಿಲ್ಲ.

ಕಾರಣ ಸರಳ. ಎಫ್‌ಪ್ರಿಂಟ್‌ಎಫ್ ಬರೆಯುವುದು ಫೈಲಿಗಲ್ಲ, ಪ್ರೋಗ್ರಾಂನ ಮೆಮೊರಿಯಲ್ಲೇ ಇರುವ ಬಫರಿಗೆ. ಅದು ತುಂಬಿದಾಗ ಲೈಬ್ರರಿಯು ರೈಟ್ ಎಂಬ ಸಿಸ್ಟಂ ಕಾಲ್ ಮೂಲಕ ಎಲ್ಲವನ್ನೂ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಒಪ್ಪಿಸುತ್ತದೆ. ಪ್ರತಿ ಅಕ್ಷರಕ್ಕೂ ಕರ್ನಲ್ ಬಾಗಿಲು ತಟ್ಟುವುದೆಂದರೆ ಒಗ್ಗರಣೆಯ ಸಾಸಿವೆಗೊಮ್ಮೆ, ಇಂಗಿಗೊಮ್ಮೆ ಪೇಟೆಗೆ ಹೋಗಿ ಬಂದಂತೆ. ಬಫರ್ ಇರುವುದು ಒಳ್ಳೆಯದಕ್ಕೇ. ಅದು ಯಾವಾಗ ಖಾಲಿಯಾಗಬೇಕು ಎನ್ನುವುದನ್ನು ಮಾತ್ರ ನಾವು ನಿರ್ಧರಿಸಬೇಕು.

ಮೊದಲು ಬಫರಿನ ಬಗೆ ತಿಳಿದುಕೊಳ್ಳಿ. ಸ್ಟ್ಯಾಂಡರ್ಡ್ ಔಟ್‌ಪುಟ್ ಟರ್ಮಿನಲ್‌ಗೆ ಜೋಡಿಸಿಕೊಂಡಿದ್ದರೆ ಸಾಮಾನ್ಯವಾಗಿ ಸಾಲು ಮುಗಿದ ಕೂಡಲೇ ಖಾಲಿಯಾಗುತ್ತದೆ. ಅದನ್ನೇ ಫೈಲಿಗೆ ಅಥವಾ ಇನ್ನೊಂದು ಪ್ರೋಗ್ರಾಂಗೆ ಸಾಗಿಸುವ ಪೈಪ್‌ಗೆ ತಿರುಗಿಸಿದರೆ ಬಫರ್ ತುಂಬುವವರೆಗೂ ಕಾಯುತ್ತದೆ. ಪರದೆಯ ಮೇಲೆ ಸರಿಯಾಗಿ ಕಾಣುತ್ತಿದ್ದ ಔಟ್‌ಪುಟ್ ಸಾಲು ಹುಡುಕುವ ಗ್ರೆಪ್‌ಗೆ ಪೈಪ್ ಮಾಡಿದೊಡನೆ ತಡವಾಗುವುದು ಇದರಿಂದಲೇ. ಸ್ಟ್ಯಾಂಡರ್ಡ್ ಎರರ್ ಹೀಗೆ ಕಾಯಿಸುವುದಿಲ್ಲ, ಆದ್ದರಿಂದ ದೋಷದ ಸಂದೇಶಗಳನ್ನು ಅಲ್ಲಿಗೇ ಕಳುಹಿಸಿ.

ಹೆಜ್ಜೆ 1: ಎಫ್‌ಫ್ಲಶ್ ಕರೆಯುವ ಜಾಗ ಆರಿಸಿ

ಫೈಲಿನ ಪಾಯಿಂಟರ್ ಕೊಟ್ಟು ಎಫ್‌ಫ್ಲಶ್ ಕರೆದರೆ ಬಫರಿನಲ್ಲಿರುವುದೆಲ್ಲ ಕರ್ನಲ್‌ಗೆ ಹೋಗುತ್ತದೆ. ಪಾಯಿಂಟರ್ ಬದಲು ನಲ್ ಕೊಟ್ಟರೆ ಬರೆಯಲು ತೆರೆದ ಎಲ್ಲ ಫೈಲುಗಳ ಬಫರುಗಳೂ ಖಾಲಿಯಾಗುತ್ತವೆ. ಇದನ್ನು ಪ್ರತಿ ಎಫ್‌ಪ್ರಿಂಟ್‌ಎಫ್ ಹಿಂದೆ ಅಂಟಿಸಬೇಡಿ, ಬಫರಿನ ಲಾಭವೇ ಹೋಗುತ್ತದೆ. ಒಂದು ಪೂರ್ಣ ದಾಖಲೆ ಬರೆದು ಮುಗಿದಾಗ ಕರೆಯಿರಿ. ಹೊಸ ಸಾಲಿಲ್ಲದ ಪ್ರಶ್ನೆಯನ್ನು ಪರದೆಗೆ ಬರೆದು ಉತ್ತರಕ್ಕೆ ಕಾಯುವ ಮುನ್ನವೂ ಕರೆಯಿರಿ. ಕೆಲವು ಲೈಬ್ರರಿಗಳು ಇದನ್ನು ತಾವೇ ಮಾಡುತ್ತವೆ, ಎಲ್ಲವೂ ಮಾಡುವುದಿಲ್ಲ.

ಫೋರ್ಕ್ ಮಾಡುವ, ಅಂದರೆ ಪ್ರೋಗ್ರಾಂ ತನ್ನದೇ ನಕಲನ್ನು ಹೊಸ ಪ್ರೋಸೆಸ್ ಆಗಿ ಹುಟ್ಟಿಸುವ ಮುನ್ನವಂತೂ ತಪ್ಪಿಸಲೇಬೇಡಿ. ಫೋರ್ಕ್ ಆದಾಗ ಖಾಲಿಯಾಗದ ಬಫರ್ ಕೂಡ ಮಗು ಪ್ರೋಸೆಸ್‌ಗೆ ನಕಲಾಗುತ್ತದೆ. ಎರಡೂ ಎಕ್ಸಿಟ್ ಆಗುವಾಗ ತಮ್ಮ ತಮ್ಮ ಬಫರ್ ಖಾಲಿ ಮಾಡುವುದರಿಂದ ಒಂದೇ ಸಾಲು ಫೈಲಿನಲ್ಲಿ ಎರಡು ಬಾರಿ ಬರುತ್ತದೆ. ದಿನವಿಡೀ ಹುಡುಕಿದರೂ ಈ ದೋಷ ಸಿಗದೆ ಕಂಗೆಡುವವರು ಅನೇಕರು.

ತೆರೆಯುವ ಮೋಡ್‌ನಲ್ಲಿ ಪ್ಲಸ್ ಚಿಹ್ನೆ ಹಾಕಿ ಓದುವುದಕ್ಕೂ ಬರೆಯುವುದಕ್ಕೂ ತೆರೆದ ಫೈಲಿನಲ್ಲಿ, ಬರೆದ ಮೇಲೆ ಓದಲು ತೊಡಗುವ ಮುನ್ನ ಎಫ್‌ಫ್ಲಶ್ ಅಥವಾ ಎಫ್‌ಸೀಕ್ ಕಡ್ಡಾಯ.

ಹೆಜ್ಜೆ 2: ಹಿಂದಿರುಗಿದ ಮೌಲ್ಯ ನೋಡಿ

ಇದೇ ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವುದೂ ಇದನ್ನೇ. ಡಿಸ್ಕ್ ತುಂಬಿದ್ದರೂ ಎಫ್‌ಪ್ರಿಂಟ್‌ಎಫ್ ಯಶಸ್ಸು ಎಂದೇ ಹೇಳಬಹುದು, ಏಕೆಂದರೆ ಅದು ಮುಟ್ಟಿದ್ದು ಮೆಮೊರಿಯನ್ನು ಮಾತ್ರ. ನಿಜ ಹೊರಬೀಳುವುದು ಬಫರ್ ಖಾಲಿಯಾಗುವಾಗ. ಎಫ್‌ಫ್ಲಶ್ ಸೊನ್ನೆ ಕೊಟ್ಟರೆ ಕರ್ನಲ್ ಸ್ವೀಕರಿಸಿದೆ ಎಂದರ್ಥ. ಇಒಎಫ್ ಕೊಟ್ಟರೆ ಬರವಣಿಗೆ ವಿಫಲವಾಗಿದೆ. ಲಿನಕ್ಸ್, ಯುನಿಕ್ಸ್‌ಗಳಲ್ಲಿ ಕಾರಣ ದೋಷದ ಸಂಖ್ಯೆ ಇಡುವ ಎರ್‌ನೋದಲ್ಲಿ ಸಿಗುತ್ತದೆ. ಎಫ್‌ಕ್ಲೋಸ್ ಕೂಡ ಮುಚ್ಚುವ ಮುನ್ನ ಬಫರ್ ಖಾಲಿ ಮಾಡುತ್ತದೆ, ಆದ್ದರಿಂದ ಅದರ ಉತ್ತರವನ್ನೂ ಪರೀಕ್ಷಿಸಿ. ಬಳಕೆದಾರನ ದತ್ತಾಂಶ ಕಾಪಾಡುವ ಹೊಣೆ ಹೊತ್ತ ಪ್ರೋಗ್ರಾಂ ಈ ಎರಡು ಸಾಲುಗಳನ್ನು ಬಿಡುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಪರೀಕ್ಷಿಸಲು ಡಿಸ್ಕ್ ತುಂಬಿಸಬೇಕಿಲ್ಲ. ಲಿನಕ್ಸ್‌ನ ಡೆವ್ ಡೈರೆಕ್ಟರಿಯಲ್ಲಿ ಫುಲ್ ಎಂಬ ಸಾಧನ ಫೈಲ್ ಇದೆ. ಅದಕ್ಕೆ ಏನು ಬರೆದರೂ ಜಾಗವಿಲ್ಲ ಎಂಬ ದೋಷವೇ ಬರುತ್ತದೆ. ಅದನ್ನು ತೆರೆದು ಒಂದು ಸಾಲು ಬರೆಯಿರಿ: ಎಫ್‌ಪ್ರಿಂಟ್‌ಎಫ್ ಸುಮ್ಮನಿರುತ್ತದೆ, ಎಫ್‌ಫ್ಲಶ್ ದೂರು ಹೇಳುತ್ತದೆ.

ಹೆಜ್ಜೆ 3: ಬೇಕಿದ್ದರೆ ಬಗೆಯನ್ನೇ ಬದಲಿಸಿ

ಲಾಗ್ ಫೈಲಿಗೆ ಸಾಲು ಸಾಲಾಗಿ ಹೋಗಲಿ ಎಂದಿದ್ದರೆ ಫೈಲ್ ತೆರೆದ ಕೂಡಲೇ, ಬೇರೇನೂ ಮಾಡುವ ಮುನ್ನ, ಸೆಟ್‌ವಿಬಫ್ ಕರೆದು ಸಾಲಿನ ಬಫರಿಂಗ್ ಆರಿಸಿಕೊಳ್ಳಿ. ಬಫರಿಗೆ ನಿಮ್ಮದೇ ಅರೇ ಕೊಡುವುದಾದರೆ ಅದು ಫೈಲ್ ಮುಚ್ಚುವವರೆಗೂ ಬದುಕಿರಬೇಕು. ಫಂಕ್ಷನ್ ಒಳಗಿನ ಸ್ಥಳೀಯ ಅರೇ ಕೊಟ್ಟು ಫಂಕ್ಷನ್‌ನಿಂದ ಹೊರಬಂದರೆ ಅನಾಹುತವಾಗುತ್ತದೆ.

ಹೆಜ್ಜೆ 4: ಕರ್ನಲ್‌ನಿಂದ ಡಿಸ್ಕಿಗೆ

ಎಫ್‌ಫ್ಲಶ್ ಆದ ಮೇಲೆ ಪ್ರೋಗ್ರಾಂ ಸತ್ತರೂ ದತ್ತಾಂಶ ಉಳಿಯುತ್ತದೆ. ಕರೆಂಟ್ ಹೋದರೆ? ಉಳಿಯುತ್ತದೆಂಬ ಭರವಸೆಯಿಲ್ಲ. ಕರ್ನಲ್ ಅದನ್ನು ಪೇಜ್ ಕ್ಯಾಶ್ ಎಂಬ ತನ್ನ ಮೆಮೊರಿ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ಲಿನಕ್ಸ್‌ನ ರೂಢಿಯ ಸೆಟ್ಟಿಂಗ್‌ನಲ್ಲಿ ಅದು ಹಳತಾಯಿತು, ಡಿಸ್ಕಿಗೆ ಬರೆಯಬೇಕು ಎಂದು ಎಣಿಸಲು ಸುಮಾರು 30 ಸೆಕೆಂಡ್ ಬೇಕು. ಆದ್ದರಿಂದ ಎಫ್‌ಫ್ಲಶ್ ಯಶಸ್ವಿಯಾದ ಮೇಲೆ ಫೈಲ್‌ನೋ ಮೂಲಕ ಡಿಸ್ಕ್ರಿಪ್ಟರ್ (ಕರ್ನಲ್ ಫೈಲನ್ನು ಗುರುತಿಸುವ ಸಂಖ್ಯೆ) ಪಡೆದು, ಡಿಸ್ಕಿಗೆ ಬರೆಸುವ ಎಫ್‌ಸಿಂಕ್ ಕರೆಯಿರಿ. ಕ್ರಮ ಅದಲುಬದಲಾಗಬಾರದು, ಏಕೆಂದರೆ ಲೈಬ್ರರಿಯ ಬಫರಿನಲ್ಲಿ ಏನಿದೆ ಎಂಬುದು ಎಫ್‌ಸಿಂಕ್‌ಗೆ ತಿಳಿಯದು.

ಸೆಟ್ಟಿಂಗ್ಸ್ ಫೈಲಿನಂತಹ ಮುಖ್ಯ ಫೈಲನ್ನು ತಿದ್ದುವಾಗ ಹಳೆಯದರ ಮೇಲೆಯೇ ಬರೆಯಬೇಡಿ. ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಫ್ಲಶ್, ಎಫ್‌ಸಿಂಕ್, ಎಫ್‌ಕ್ಲೋಸ್ ಮೂರೂ ಸರಿಯಾದ ನಂತರವೇ ರೀನೇಮ್ ಮಾಡಿ. ಓದುವವರಿಗೆ ಹಳೆಯ ಫೈಲ್ ಸಿಗುತ್ತದೆ ಅಥವಾ ಹೊಸದು ಸಿಗುತ್ತದೆ, ಅರೆಬರೆ ಫೈಲ್ ಸಿಗುವುದಿಲ್ಲ.

ಎಚ್ಚರ ವಹಿಸಬೇಕಾದ ಕಡೆಗಳು

ಸ್ಕ್ಯಾನ್‌ಎಫ್ ಬಿಟ್ಟುಹೋದ ಅಕ್ಷರಗಳನ್ನು ತೆಗೆಯಲು ಸ್ಟ್ಯಾಂಡರ್ಡ್ ಇನ್‌ಪುಟ್ ಮೇಲೆ ಎಫ್‌ಫ್ಲಶ್ ಕರೆಯುವ ಅಭ್ಯಾಸ ಲ್ಯಾಬ್ ಟಿಪ್ಪಣಿಗಳಲ್ಲಿ ಇನ್ನೂ ಕಾಣಸಿಗುತ್ತದೆ. ಸಿ ಮಾನದಂಡ ಇದಕ್ಕೆ ಯಾವ ಅರ್ಥವನ್ನೂ ಕೊಟ್ಟಿಲ್ಲ. ವಿದ್ಯಾರ್ಥಿಗಳು ಇದನ್ನು ಕಲಿಯಬಾರದು. ಹೊಸ ಸಾಲು ಸಿಗುವವರೆಗೆ ಗೆಟ್‌ಚಾರ್‌ನಿಂದ ಓದಿ ಬಿಸಾಡಿದರೆ ಸಾಕು, ನಡುವೆ ಇನ್‌ಪುಟ್ ಮುಗಿದ ಗುರುತಾದ ಇಒಎಫ್ ಬಂದರೆ ನಿಲ್ಲಿಸಬೇಕು.

ಮೇನ್‌ನಿಂದ ಹಿಂದಿರುಗಿದಾಗ ಅಥವಾ ಎಕ್ಸಿಟ್ ಕರೆದಾಗ ಬಫರುಗಳು ತಾವಾಗಿ ಖಾಲಿಯಾಗುತ್ತವೆ. ಹೆಸರಿನ ಮುಂದೆ ಅಂಡರ್‌ಸ್ಕೋರ್ ಇರುವ ಎಕ್ಸಿಟ್ ಹಾಗೆ ಮಾಡುವುದಿಲ್ಲ. ಅಬಾರ್ಟ್ ಆದಾಗಲೂ ಖಾಲಿಯಾಗುತ್ತದೆಂದು ನಂಬಿ ಕೂರಬೇಡಿ. ಕಿಲ್ ಸಿಗ್ನಲ್ ಬಂದರಂತೂ ಅವಕಾಶವೇ ಸಿಗದು.

ಸೋರ್ಸ್ ಕೋಡ್ ಕೈಯಲ್ಲಿಲ್ಲದ ಪ್ರೋಗ್ರಾಂ ಪೈಪ್‌ನಲ್ಲಿ ತಡಮಾಡುತ್ತಿದ್ದರೆ ಗ್ನೂ ಕೋರ್‌ಯುಟಿಲ್ಸ್‌ನ ಸ್ಟಡ್‌ಬಫ್ (stdbuf) ಆದೇಶದ ಮೂಲಕ ಅದನ್ನು ಸಾಲಿನ ಬಫರಿಂಗ್‌ನಲ್ಲಿ ಓಡಿಸಬಹುದು. ತನ್ನ ಬಫರನ್ನು ತಾನೇ ಹೊಂದಿಸಿಕೊಳ್ಳುವ ಪ್ರೋಗ್ರಾಂಗಳ ಮೇಲೆ ಮತ್ತು ಲೈಬ್ರರಿಯನ್ನು ತನ್ನೊಳಗೇ ಸೇರಿಸಿಕೊಂಡು ಸಿದ್ಧವಾದವುಗಳ ಮೇಲೆ ಇದು ನಡೆಯುವುದಿಲ್ಲ. ನಡೆಯುತ್ತಿದೆಯೇ ಎಂದು ನೋಡಲು ಸಿಸ್ಟಂ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿ: ಸಾಲಿಗೊಂದು ರೈಟ್ ಕರೆ ಕಂಡರೆ ಬದಲಾವಣೆ ಹತ್ತಿದೆ.