ಸಬ್ಸಿಡಿ ಯಾರ ಕೈ ಸೇರಿತು? ಪಟ್ಟಿ ಹುಡುಕಿ ಓದುವುದು ಹೀಗೆ

ರೈತರಿಗೆ ಸರ್ಕಾರ ಕೊಡುವ ಸಹಾಯಧನ ಎಲ್ಲರ ತೆರಿಗೆ ದುಡ್ಡು. ಅದು ಯಾರ ಖಾತೆ ಸೇರಿತು ಎಂದು ಕೇಳಲು ಯಾರೂ ಸಂಕೋಚ ಪಡಬೇಕಿಲ್ಲ. 2004ರಲ್ಲಿ ಡೆನ್ಮಾರ್ಕ್‌ನ ಪತ್ರಕರ್ತರು ಮಾಹಿತಿ ಹಕ್ಕಿನ ಕಾನೂನು ಹಿಡಿದು ಇದೇ ಪ್ರಶ್ನೆ ಕೇಳಿದರು, ಪಟ್ಟಿ ಹೊರಗೆ ಬಂತು. ಆಮೇಲೆ ಇಡೀ ಯುರೋಪಿನಲ್ಲಿ ಆ ಪ್ರಶ್ನೆ ಎದ್ದಿತು.

ಮೊದಲು ಯಾವ ಹಣ ಎಂದು ಗೊತ್ತು ಮಾಡಿಕೊಳ್ಳಿ

ಸಬ್ಸಿಡಿ ಎಂದರೆ ಒಂದೇ ಬಗೆಯ ಹಣವಲ್ಲ. ಖಾತೆಗೆ ನೇರವಾಗಿ ಬೀಳುವ ನಗದು ಬೇರೆ, ಗೊಬ್ಬರದ ಬೆಲೆಯಲ್ಲೇ ಇಳಿಸಿ ಕೊಡುವುದು ಬೇರೆ. ಭಾರತದಲ್ಲಿ ಗೊಬ್ಬರದ ಸಬ್ಸಿಡಿ ಕಂಪನಿಗಳಿಗೆ ಪಾವತಿಯಾಗುತ್ತದೆ. ಅಲ್ಲಿ ರೈತರ ಹೆಸರು ಹುಡುಕುತ್ತಾ ಕೂತರೆ ಸುಮ್ನೆ ಹೊತ್ತು ಹಾಳು. ಹೆಸರಿನ ಪಟ್ಟಿ ಬೇಕಿದ್ದರೆ ನೇರ ನಗದಿನ ಯೋಜನೆಯಿಂದ ಶುರು ಮಾಡಿ.

ಪಟ್ಟಿ ಸಿಕ್ಕ ದಿನವೇ ಇಳಿಸಿಕೊಳ್ಳಿ

ಪಿಎಂ-ಕಿಸಾನ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಅದರ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ ಎಂದು ಆರಿಸುತ್ತಾ ಹೋದರೆ ಗ್ರಾಮದ ಫಲಾನುಭವಿಗಳ ಪಟ್ಟಿ ತೆರೆಯುತ್ತದೆ. ಯುರೋಪ್ ಒಕ್ಕೂಟದ ಪ್ರತಿ ದೇಶವೂ ಮೇ 31ರೊಳಗೆ ಹಿಂದಿನ ವರ್ಷದ ಪಟ್ಟಿ ಹಾಕಬೇಕು. ಆ ಮಾಹಿತಿ ಎರಡು ವರ್ಷ ಮಾತ್ರ ಇರುತ್ತದೆ. ಆಮೇಲೆ ನೋಡೋಣ ಎಂದರೆ ಹಳೆಯದು ಕೈತಪ್ಪಿ ಹೋಗುತ್ತದೆ.

ಹೆಸರಿಗಿಂತ ಮೊದಲು ಮೊತ್ತ ನೋಡಿ

ಪಟ್ಟಿ ತೆರೆದ ಕೂಡಲೇ ಪರಿಚಯದವರ ಹೆಸರು ಹುಡುಕಬೇಕು ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಪಿಎಂ-ಕಿಸಾನ್‌ನಂತೆ ಎಲ್ಲರಿಗೂ ಒಂದೇ ಮೊತ್ತವಲ್ಲದೆ, ಒಬ್ಬೊಬ್ಬರಿಗೆ ಒಂದೊಂದು ಮೊತ್ತ ಇರುವ ಪಟ್ಟಿಯಾದರೆ ಎಕ್ಸೆಲ್‌ಗೆ ಹಾಕಿ, ಜಾಸ್ತಿ ಮೊತ್ತ ಮೇಲೆ ಬರುವ ಹಾಗೆ ಜೋಡಿಸಿ. ಮೇಲಿನ ಶೇ 20ರಷ್ಟು ಜನರ ಮೊತ್ತ ಕೂಡಿಸಿ, ಒಟ್ಟು ಹಣದಲ್ಲಿ ಅದರ ಪಾಲೆಷ್ಟು ಲೆಕ್ಕ ಹಾಕಿ. ಯುರೋಪಿನ ನೇರ ಪಾವತಿಯಲ್ಲಿ ಸುಮಾರು ಶೇ 80ರಷ್ಟು ಹಣ ಶೇ 20ರಷ್ಟು ಜನರಿಗೇ ಹೋಗುತ್ತದೆ. ಇದರಲ್ಲಿ ಕಳ್ಳತನ ಇರಬೇಕೆಂದೇನಿಲ್ಲ. ಅಲ್ಲಿ ಹಣ ಹೆಚ್ಚಾಗಿ ಹೆಕ್ಟೇರ್ ಲೆಕ್ಕದಲ್ಲಿ ಬರುತ್ತದೆ, ಭೂಮಿ ಹೆಚ್ಚಿದ್ದವರಿಗೆ ಹಣವೂ ಹೆಚ್ಚು. ಆ ನಿಯಮ ಸರಿಯೇ ಎಂಬುದೇ ದೊಡ್ಡ ಪ್ರಶ್ನೆ. ನನ್ನ ಮಟ್ಟಿಗೆ ಪಟ್ಟಿ ಓದಬೇಕಾದದ್ದೇ ಇದಕ್ಕೆ.

ಒಬ್ಬರ ಹೆಸರೇ ಬೇರೆ ಬೇರೆ ಕಾಗುಣಿತದಲ್ಲಿ ಇದೆಯೇ ನೋಡಿ. ಒಂದೇ ವಿಳಾಸಕ್ಕೆ ಹಲವು ಕಂಪನಿಗಳಿದ್ದರೆ ಗುರುತು ಹಾಕಿಕೊಳ್ಳಿ.

ಇಲ್ಲದ ಹೆಸರೂ ಮಾತಾಡುತ್ತದೆ

ಪಿಎಂ-ಕಿಸಾನ್ ಹಣ ಭೂಮಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ಬೇರೆಯವರ ಹೊಲವನ್ನು ಗುತ್ತಿಗೆಗೆ ಮಾಡುವವರು ಎಷ್ಟು ಬೆವರು ಸುರಿಸಿದರೂ ಆ ಹೊಲದ ಲೆಕ್ಕದಲ್ಲಿ ಪಟ್ಟಿಗೆ ಬರುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಪಟ್ಟಿ ಓದುವಾಗ ಇಂಥವರು ಎಷ್ಟು ಜನ ಹೊರಗೆ ಉಳಿದಿದ್ದಾರೆ ಎಂದೂ ವಿಚಾರಿಸಿ.

ಸಣ್ಣ ರೈತರನ್ನು ಬೀದಿಗೆ ಎಳೆಯಬೇಡಿ

2010ರ ನವೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಎಲ್ಲ ವ್ಯಕ್ತಿಗಳ ಹೆಸರನ್ನೂ ಒಂದೇ ಸಮನೆ ಪ್ರಕಟಿಸುವುದು ತಪ್ಪು ಎಂದಿತು. ಯಾರು ಎಷ್ಟು ಹಣ, ಎಷ್ಟು ಕಾಲ ಪಡೆದರು ಎಂಬ ಭೇದವನ್ನೇ ಆಗಿನ ನಿಯಮ ಮಾಡಿರಲಿಲ್ಲ. 2013ರ ಹೊಸ ಕಾನೂನು ಹೆಸರುಗಳನ್ನು ಮತ್ತೆ ತಂದಿತು, ಆದರೆ ತೀರಾ ಸಣ್ಣ ಮೊತ್ತ ಪಡೆದವರ ಹೆಸರನ್ನು ಬಿಟ್ಟಿತು. ಇದು ಒಳ್ಳೆಯ ದಾರಿ. ನೀವೂ ಪಟ್ಟಿ ಹಂಚುವಾಗ ಫೋನ್ ನಂಬರ್, ಖಾತೆ ಸಂಖ್ಯೆ ಇದ್ದರೆ ಅಳಿಸಿ.

ಪಟ್ಟಿಯೇ ಸಿಗದಿದ್ದರೆ

ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಸಬ್ಸಿಡಿ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ. ಅರ್ಜಿಯಲ್ಲಿ ಈ ಸೆಕ್ಷನ್ ಬರೆಯಿರಿ. "ಎಲ್ಲ ಮಾಹಿತಿ ಕೊಡಿ" ಎನ್ನಬೇಡಿ. ಯೋಜನೆ, ಗ್ರಾಮ, ವರ್ಷ, ಈ ಮೂರನ್ನು ಹೆಸರಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅರ್ಜಿ ಕೊಟ್ಟ ದಿನದ ಸ್ವೀಕೃತಿ ಚೀಟಿ ಆಗ ಬೇಕೇ ಬೇಕು, ಜೋಪಾನವಾಗಿ ಇಟ್ಟುಕೊಳ್ಳಿ.