ನಾಲ್ಕು ಮನೆ, ಎರಡನೆಯದು ‘ಲ್ಲೇ’: ಪದಬಂಧಕ್ಕೆ ಪದ ಹುಡುಕುವ ಬಗೆ

‘ಮಲ್ಲೇಶ್ವರ’ದ ಉದ್ದ ಎಷ್ಟೆಂದು ಕಂಪ್ಯೂಟರನ್ನು ಕೇಳಿದರೆ 9 ಎನ್ನುತ್ತದೆ. ‘ಬೆಂಗಳೂರು’ ಎಂದರೆ 8. ಪದಬಂಧದಲ್ಲಿ ಎರಡಕ್ಕೂ ನಾಲ್ಕೇ ಮನೆ. ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ 9×9 ಪದಬಂಧ ಕಟ್ಟುವಾಗ ನಾನು ಮೊದಲು ಬಗೆಹರಿಸಿಕೊಂಡದ್ದು ಈ ಲೆಕ್ಕವನ್ನೇ. ಪದವನ್ನು ಅಕ್ಷರಗಳಾಗಿ ಸರಿಯಾಗಿ ಬಿಡಿಸಿಟ್ಟರೆ ಹುಡುಕಾಟ ಸಲೀಸು. ಅಲ್ಲಿ ತಪ್ಪಿದರೆ ಎಷ್ಟು ದೊಡ್ಡ ಪದಪಟ್ಟಿ ಇದ್ದರೂ ಪ್ರಯೋಜನವಿಲ್ಲ.

ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ. ಸ್ವರಗಳು 3205ರಿಂದ 3220ರ ನಡುವೆ, ವ್ಯಂಜನಗಳು 3221ರಿಂದ 3257ರ ನಡುವೆ. ಗುಣಿತದ ಚಿಹ್ನೆಗಳು, ಅನುಸ್ವಾರ (3202), ವಿಸರ್ಗ (3203), ವ್ಯಂಜನದ ಸ್ವರ ಕಳೆಯುವ ಹಲಂತ (3277) ಇವಕ್ಕೆಲ್ಲ ಬೇರೆ ಬೇರೆ ಸಂಖ್ಯೆ. ಹಾಗಾಗಿ ‘ಲ್ಲೇ’ ಎಂಬ ಒಂದೇ ಅಕ್ಷರ ಒಳಗೆ ಲ, ಹಲಂತ, ಲ, ಏತ್ವ ಎಂದು ನಾಲ್ಕಾಗಿ ಕೂತಿರುತ್ತದೆ.

ನಾನು ಬಳಸುವ ಸೂತ್ರ ಇದು: ಸ್ವರಗಳನ್ನೂ ವ್ಯಂಜನಗಳನ್ನೂ ಎಣಿಸಿ, ಬೆನ್ನಿಗೇ ವ್ಯಂಜನ ಬರುವ ಹಲಂತಗಳ ಸಂಖ್ಯೆಯನ್ನು ಕಳೆಯಬೇಕು. ಮಿಕ್ಕ ಚಿಹ್ನೆಗಳು ಲೆಕ್ಕಕ್ಕಿಲ್ಲ. ಮಲ್ಲೇಶ್ವರದಲ್ಲಿ ಮ, ಲ, ಲ, ಶ, ವ, ರ ಎಂದು ಆರು ವ್ಯಂಜನ, ಅಂಥ ಹಲಂತ ಎರಡು, ಉಳಿದದ್ದು ನಾಲ್ಕು. ಪದದ ಕೊನೆಯ ಹಲಂತವನ್ನು ಕಳೆಯುವಂತಿಲ್ಲ, ಏಕೆಂದರೆ ‘ಬಸ್’ ಎಂಬುದರಲ್ಲಿ ‘ಸ್’ಗೆ ಬೇರೆ ಮನೆ ಬೇಕು.

ಹೀಗೆ ಬಿಡಿಸುವ ಮುನ್ನ ಪಟ್ಟಿಯನ್ನು ಶುಚಿ ಮಾಡಲೇಬೇಕು. ಹೆಚ್ಚು ಹೊತ್ತು ಹಿಡಿಯುವ ಕೆಲಸ ಇದೇ, ಎಡವುವುದೂ ಇಲ್ಲೇ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನೂ ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನೂ ಒತ್ತಿರುವ ಬರಹ ಬೇಕಾದಷ್ಟಿದೆ: ‘ಬೆ೦ಗಳೂರು’, ‘ಕನಾ೯ಟಕ’. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ‘ಕನಾ೯ಟಕ’ವನ್ನು ಎಣಿಸಿದರೆ ನಾಲ್ಕು ಎಂದೇ ಬರುತ್ತದೆ, ಆದರೆ ಎರಡನೆಯ ಅಕ್ಷರ ‘ರ್ನಾ’ ಆಗುವ ಬದಲು ‘ನಾ’ ಆಗಿರುತ್ತದೆ. ಲೆಕ್ಕ ಸರಿ, ಅಕ್ಷರ ತಪ್ಪು. ಅದಕ್ಕೇ ಇದು ಬೇಗ ಸಿಕ್ಕಿಬೀಳುವುದಿಲ್ಲ. ಅಕ್ಷರಗಳ ನಡುವೆ ಅಂಕಿ ಕಂಡರೆ ಸೊನ್ನೆಯನ್ನು ಅನುಸ್ವಾರವಾಗಿಸಿ. ಒಂಬತ್ತನ್ನು ತೆಗೆದು, ಅದರ ಹಿಂದಿನ ಅಕ್ಷರಕ್ಕಿಂತ ಮೊದಲು ‘ರ್’ ಇಡಿ. ಹಾಳೆಯ ಮೇಲೆ ಅರ್ಕಾವೊತ್ತು ಆಮೇಲೆ ಬಂದರೂ ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು.

ಇನ್ನೊಂದು ತೊಡಕು ದೀರ್ಘದ್ದು. ‘ೇ’ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎತ್ವ ಮತ್ತು ದೀರ್ಘ ಚಿಹ್ನೆ (3285) ಎಂದು ಎರಡಾಗಿರಬಹುದು. ತೆರೆಯ ಮೇಲೆ ಎರಡೂ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಇಡೀ ಪಟ್ಟಿಯನ್ನು ಒಮ್ಮೆ ಎನ್‌ಎಫ್‌ಸಿ ರೂಪಕ್ಕೆ (ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್ ರೂಪ) ತಂದರೆ ಈ ಕಾಟ ಹೋಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲಿನ ಕೆಲಸ.

ಕಣ್ಣಿಗೆ ಕಾಣದ ಎರಡು ಸಂಕೇತಗಳ ಬಗ್ಗೆ ವಿಶೇಷ ಎಚ್ಚರ ಬೇಕು. ‘ಸಾಫ್ಟ್‌ವೇರ್’ನಲ್ಲಿ ಟ್ ಆದಮೇಲೆ ಅಕ್ಷರಗಳನ್ನು ಬೇರೆಯಾಗಿಡುವ ಸಂಕೇತ (8204) ಇರುತ್ತದೆ. ಅದಿದ್ದರೆ ಸಾ, ಫ್ಟ್, ವೇ, ರ್ ಎಂದು ನಾಲ್ಕು ಮನೆ. ಕಸವೆಂದು ಅಳಿಸಿಬಿಟ್ಟರೆ ಸಾ, ಫ್ಟ್ವೇ, ರ್ ಎಂದು ಮೂರು. ‘ರ‍್ಯಾಲಿ’ಯಲ್ಲಿರುವ, ಅಕ್ಷರಗಳನ್ನು ಕೂಡಿಸುವ ಸಂಕೇತ (8205) ಹಾಗಲ್ಲ, ಅದನ್ನು ಅಳಿಸಿದರೆ ಎಣಿಕೆ ಕೆಡುವುದಿಲ್ಲ. ಹಾಗಾಗಿ 8205 ಮೊದಲೇ ಹೋಗಲಿ, 8204 ಬಿಡಿಸುವ ಕೆಲಸ ಮುಗಿಯುವ ತನಕ ಇರಲಿ.

ಬರಹದಿಂದ ಪದಗಳನ್ನು ಹೆಕ್ಕಲು ಪೈಥಾನ್‌ನ ಸಾದಾ ರೆಜೆಕ್ಸ್‌ನಲ್ಲಿ (ಮಾದರಿ ಕೊಟ್ಟು ಬರಹದಲ್ಲಿ ಹುಡುಕುವ ಸೌಲಭ್ಯ) ‘ಯಾವುದೇ ಅಕ್ಷರ’ ಎಂದು ಸೂಚಿಸುವ ‘ಡಬ್ಲ್ಯೂ’ (\w) ಚಿಹ್ನೆಯನ್ನು ನಂಬಬೇಡಿ. ಅದು ಗುಣಿತವನ್ನೂ ಹಲಂತವನ್ನೂ ಅಕ್ಷರವೆಂದು ಒಪ್ಪದೆ ಮಲ್ಲೇಶ್ವರವನ್ನು ‘ಮಲ’, ‘ಲ’, ‘ಶ’, ‘ವರ’ ಎಂದು ಚೂರು ಮಾಡುತ್ತದೆ. ಮೇಲೆ ಹೇಳಿದ ಕನ್ನಡದ ವ್ಯಾಪ್ತಿಯನ್ನು ನೀವೇ ಬರೆದು, 8204, 8205 ಎರಡನ್ನೂ ಸೇರಿಸಿಕೊಳ್ಳಿ.

ಪದಗಳ ಮೂಲಕ್ಕೆ ವಿ. ಕೃಷ್ಣ ಅವರ ‘ಅಲರ್’ ನಿಘಂಟು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು ಮುಕ್ತ ಪರವಾನಗಿಯಲ್ಲಿ ಸಿಗುವುದು ಕನ್ನಡಕ್ಕೆ ದೊಡ್ಡ ಕೊಡುಗೆ. ಊರುಗಳ, ವ್ಯಕ್ತಿಗಳ ಹೆಸರಿಗೆ ಕನ್ನಡ ವಿಕಿಪೀಡಿಯದ ಶೀರ್ಷಿಕೆಗಳು ಸಾಕು. ಅರ್ಥದಲ್ಲಿ ಅನುಮಾನ ಬಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ನೋಡದೆ ಪದವನ್ನು ಮನೆಗೆ ಸೇರಿಸುವುದಿಲ್ಲ. ನಡುವೆ ಜಾಗ ಅಥವಾ ಅಡ್ಡಗೆರೆ ಇರುವ ನಮೂದುಗಳನ್ನು ತೆಗೆದುಬಿಡುತ್ತೇನೆ.

ಶುಚಿಯಾದ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಹಾಕುವಾಗ ಮೊದಲ ಕಾಲಂನಲ್ಲಿ ಪದ, ಎರಡನೆಯದರಲ್ಲಿ ಅಕ್ಷರಸಂಖ್ಯೆ, ಮುಂದಿನ ಒಂಬತ್ತರಲ್ಲಿ ಒಂದೊಂದೇ ಅಕ್ಷರ, ಕೊನೆಯದರಲ್ಲಿ ಗುಣಿತ, ಹಲಂತ ಎಲ್ಲ ಕಳಚಿದ ಮೂಲಾಕ್ಷರಗಳು: ‘ಮಲಲಶವರ’. ಸಂಖ್ಯೆ 4, ಎರಡನೆಯ ಅಕ್ಷರ ‘ಲ್ಲೇ’ ಎಂದು ಫಿಲ್ಟರ್ ಹಾಕಿದರೆ ಮಲ್ಲೇಶ್ವರ, ಉಲ್ಲೇಖನ, ಉಲ್ಲೇಖಿತ ಎದುರಿಗೆ ಬರುತ್ತವೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಚಿತ್ರವಿಚಿತ್ರ ಚಿಹ್ನೆಗಳಾಗಬಹುದು. ಇಂಪೋರ್ಟ್ ಮಾಡಿ ಯುಟಿಎಫ್-8 ಎಂಬ ಸಂಕೇತಕ್ರಮವನ್ನು ಆರಿಸಿ.

‘ಈ ಅಕ್ಷರ ಇರಬೇಕು’ ಎಂದರೆ ಏನು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಪದಬಂಧದಲ್ಲಿ ಅಡ್ಡ, ಉದ್ದ ಪದಗಳು ಕೂಡುವ ಮನೆಗೆ ಗುಣಿತ, ಒತ್ತು, ಅನುಸ್ವಾರ ಸಮೇತ ಅದೇ ಅಕ್ಷರ ಬೇಕು. ‘ಬೆಂ’ ಇದ್ದಲ್ಲಿ ಬೆಂಕಿ, ಬೆಂಬಲ ಬರಬಹುದು, ಬೆಳಕು ಬರುವಂತಿಲ್ಲ. ಮೂರಕ್ಷರ, ನಡುವೆ ‘ಲಿ’ ಎಂದರೆ ನಲಿವು, ಕಲಿಕೆ, ಬಲಿಷ್ಠ ಸರಿ. ಇಡೀ ಪದದಲ್ಲಿ ‘ಲಿ’ ಹುಡುಕಿದರೆ ಮಲ್ಲಿಗೆಯೂ ನುಗ್ಗುತ್ತದೆ, ಅಲ್ಲಿರುವುದು ‘ಲ್ಲಿ’. ಮಕ್ಕಳಿಗೆ ‘ವ ಇರುವ ಪದ ಹೇಳಿ’ ಎಂಬಂಥ ಆಟವಾದರೆ ಮೂಲಾಕ್ಷರದ ಕಾಲಂ ನೋಡಿ. ಅಲ್ಲಿ ಮಲ್ಲೇಶ್ವರವೂ ಒಪ್ಪಿತ.

ಪದ ಸಿಗದೇ ಹೋದರೆ ತಪ್ಪು ಸಾಮಾನ್ಯವಾಗಿ ಚೌಕದ ವಿನ್ಯಾಸದಲ್ಲಿರುತ್ತದೆ, ಪಟ್ಟಿಯಲ್ಲಲ್ಲ. ಅಚ್ಚಗನ್ನಡ ಪದಗಳು ರು, ಲು, ವು, ಳು, ಗೆ, ಕೆ ಎಂದು ಮುಗಿಯುವುದೇ ಹೆಚ್ಚು. ಇವತ್ತಿನ ಕನ್ನಡದಲ್ಲಿ ಳ, ಣಗಳಿಂದ ಪದ ಶುರುವಾಗುವುದಿಲ್ಲ ಎನ್ನಬಹುದು, ‘ವು’ ಕೂಡ ಹಾಗೆಯೇ. ‘ರು’ವಿಗೆ ರುಚಿ, ರುಮಾಲು, ರುಜುವಾತು ಹೀಗೆ ಕೆಲವೇ. ಆದ್ದರಿಂದ ಅಡ್ಡಸಾಲಿನ ಕೊನೆಯ ಮನೆಯಿಂದ ಉದ್ದ ಪದ ಶುರುವಾಗದಂತೆ ಕಪ್ಪು ಮನೆಗಳನ್ನು ಇಡುತ್ತೇನೆ. ಕೊನೆಯ ಮನೆ ಮತ್ತೊಂದು ಪದದ ಕೊನೆಗೋ ನಡುವಿಗೋ ಕೂಡಲಿ. ‘ಸ್’, ‘ರ್’ನಂಥ ಅರ್ಧಾಕ್ಷರಗಳಿಗೆ ಆ ಅನುಕೂಲವೂ ಕಡಿಮೆ, ಕೊನೆಗೆ ಕೊನೆ ಮಾತ್ರ ಕೂಡುತ್ತದೆ. ಅದಕ್ಕೇ ‘ಬಸ್’ ಬಿಟ್ಟು ‘ಬಸ್ಸು’ ಬಳಸುತ್ತೇನೆ: ಮನೆ ಎರಡೇ, ‘ಸ್ಸು’ ಎಂದು ಮುಗಿಯುವ ‘ಮನಸ್ಸು’, ‘ತಪಸ್ಸು’, ‘ವಯಸ್ಸು’ ಜೊತೆಗೆ ಸಿಗುತ್ತವೆ.